ಮದುವೆ ಸಾರು

ಕಂಕನಾಡಿ ಮಾರ್ಕೆಟಿನ ಲಿಗೋರಿ
ಹಂದಿಮಾಂಸವನ್ನು ಎರಡು ಸಲ ಕೊಚ್ಚಿಕೊಟ್ಟ.
"ಎಂತ, ಕಟ್ಲೇಟಿಗಾ?"
"ಅಲ್ಲ ಮಾರಾಯ, ಸಾರಿಗೆ."
ನಂಬಲಿಲ್ಲ. ಕರುಣೆಯಿಂದ ಒಂದಿಷ್ಟು ಕೊಬ್ಬು
ಪುಕ್ಕಟೆ ಹಾಕಿದ.

ತಮ್ಮ ವಲೇರಿಯನ್ ಹಡಗಿನಲ್ಲಿ ಅಡುಗೆಗೆ ಇರುವುದು.
ನೇಪಲ್ಸ್ ಕಡೆಯ ಮುದುಕನೊಬ್ಬ ಅವನಿಗೆ ಕಲಿಸಿದ್ದನ್ನು
ಅವನು ನನಗೆ ಫೋನಿನಲ್ಲಿ ಒದರಿದ.
ಅಲ್ಲಿ ಇಂಜಿನ್ನು, ಇಲ್ಲಿ ಕುಕ್ಕರು,
ನಡುವೆ ಎಷ್ಟು ಮೊಟ್ಟೆ ಎಂಬುದು ಕೇಳಿಸಲಿಲ್ಲ.
ಕೇಳಿಸಿದ್ದು ಇಷ್ಟು:
ನಿನ್ನೆಯ ಬ್ರೆಡ್ಡು ಹಾಲಲ್ಲಿ ನೆನೆಯಲಿ,
ಉಂಡೆ ಸಣ್ಣದಿರಲಿ, ಚಮಚದಲ್ಲಿ ಎರಡು ಕೂರಬೇಕು,
ಸೊಪ್ಪು ಚೂರು ಕಹಿ ಇರಬೇಕು.
ಮತ್ತೆ, ಅದರ ಹೆಸರು ಮದುವೆ ಸಾರು.

ಅತ್ತೆ ಬಂದದ್ದು ಹನ್ನೊಂದಕ್ಕೆ, ಹಿಂಬಾಗಿಲಿಂದ,
ಬಾಳೆನಾರಿನಲ್ಲಿ ಕಟ್ಟಿದ ಬಸಳೆ ಹಿಡಿದು.
ನನ್ನ ಅಡುಗೆಮನೆಯ ಹೊಸ್ತಿಲು ಅವರು ದಾಟುವುದಿಲ್ಲ.
ಆಚೆ ಮಣೆಯ ಮೇಲೆ ಕೂರುತ್ತಾರೆ.
ಹನ್ನೆರಡು ವರ್ಷದಿಂದ ಆ ಮಣೆ ಅಲ್ಲೇ ಉಂಟು.
"ಯಾರ ಮದುವೆ?"
"ಸೊಪ್ಪಿಗೂ ಮಾಂಸಕ್ಕೂ ಅಂತೆ."
"ಜಾತಕ ನೋಡಿದ್ರಂತಾ?"
ಅಂದವರು ತಾವೇ ನಕ್ಕರು,
ಮತ್ತೆ ಸುಮ್ಮನಾದರು.
ನಮ್ಮದು ರಿಜಿಸ್ಟ್ರಾರ್ ಕಚೇರಿಯಲ್ಲಿ ಆದದ್ದು.
ಆ ದಿನ ಅವರಿಗೆ ಸೊಂಟನೋವಿತ್ತು.

ಬಸಳೆಯ ಲೋಳೆ ಇದಕ್ಕಾಗದು, ಅಂದೆ, ಕಹಿ ಬೇಕಂತೆ.
"ಕಹಿಗೆ ನಮ್ಮಲ್ಲಿ ಎಂತ ಕೊರತೆ" ಎಂದು ಎದ್ದುಹೋದವರು
ಬಾವಿಕಟ್ಟೆಯ ಬುಡದಿಂದ ಒಂದು ಸೆರಗು
ತಿಮರೆ ಕಿತ್ತು ತಂದರು,
ಬೇರಿನ ಮಣ್ಣು ಸಮೇತ.

ಉಂಡೆ ಕೈಗೆ ಅಂಟುತ್ತಿತ್ತು.
ಬೆರಳಿಂದ ಬಿಡಿಸಿದರೆ ಅಂಗೈಗೆ,
ಅಂಗೈಯಿಂದ ಬಿಡಿಸಿದರೆ ಬಳೆಗೆ.
ಅವರು ಮುಖ ತಿರುಗಿಸಿ ತೆಂಗಿನಮರ ನೋಡುತ್ತಿದ್ದರು
(ಮಾಂಸ ನೋಡುವುದಿಲ್ಲವೆಂದಲ್ಲ,
ನೋಡಿದ್ದನ್ನು ಯಾರೂ ನೋಡಬಾರದು).
"ಪುಂಡಿ ಕಟ್ಟುವಾಗ ಕೈ ಒದ್ದೆ ಮಾಡುದಿಲ್ವಾ ನೀನು?
ಪ್ರತಿ ಸಲ ನೀರು ಮುಟ್ಟು.
ಒತ್ತಬೇಡ. ತಿರುಗಿಸು, ಸಾಕು."
ತೆಂಗಿನಮರಕ್ಕೆ ತೋರಿಸಿದಂತೆ
ಅವರ ಖಾಲಿ ಅಂಗೈಗಳು ತಿರುಗಿದವು,
ಒಂದು ಸುತ್ತು, ಇನ್ನೊಂದು,
ಇಲ್ಲದ ಉಂಡೆಯೊಂದು ದುಂಡಗಾಯಿತು.

ನೂರಾ ಹದಿನಾರು. ಎಣಿಸಿದ್ದು ಅವರೇ.

ಕೋಳಿಯೆಲುಬಿನ ನೀರು ಸಣ್ಣಗೆ ಕುದಿಯುತ್ತಿತ್ತು.
ಬಿಟ್ಟ ಉಂಡೆ ಮುಳುಗುತ್ತದೆ,
ಬೆಂದರೆ ತಾನಾಗಿ ಮೇಲೆ ಬರುತ್ತದೆ.
ನಡುವಿನ ಐದಾರು ನಿಮಿಷ
ಸೌಟು ಹಾಕುವಂತಿಲ್ಲ, ಕೈಕಟ್ಟಿ ನಿಂತಿರಬೇಕು.
ಮುರಿದ ಶ್ಯಾವಿಗೆ ಒಂದು ಹಿಡಿ.
ಇಟಲಿಯ ಚೀಸಿಗೆ ದುಡ್ಡಿಲ್ಲ,
ಒಳ್ಳೆಮೆಣಸು ಎರಡು ಸಲ ಹಾಕಿದೆ.
ಬೆಂಕಿ ಆರಿಸಿದ ಮೇಲೆ ತಿಮರೆ:
ಆ ಬಿಸಿಗೇ ಬಾಗಿ, ಉಂಡೆಗಳ ಸಂದಿಗೆ ಇಳಿಯಿತು.

ಅತ್ತೆ ಅಷ್ಟರಲ್ಲಿ ಹೊರಟಿದ್ದರು.
ಬಸಳೆ ವಾಪಸು ಒಯ್ಯಲಿಲ್ಲ.
ಗೇಟಿನ ಹತ್ತಿರ ಚಪ್ಪಲಿ ಹುಡುಕುವ ನೆವದಲ್ಲಿ ನಿಂತು,
"ಒಂದೂ ಒಡೀಲಿಲ್ಲ ಅಲ್ವಾ?" ಕೇಳಿದರು.
"ಇಲ್ಲ."
"ಹ್ಞಾಂ."

ಸುಧಾಕರ ಉಪ್ಪು ಕಮ್ಮಿ ಅಂದ, ಮೂರು ಬಟ್ಟಲು ಕುಡಿದ.
ರಾತ್ರಿ ವಲೇರಿಯನ್ ಫೋನು:
ಮೊಟ್ಟೆ ಒಂದೇ, ಅಕ್ಕ, ಒಂದೇ.
ನಾನು ಎರಡು ಹಾಕಿದ್ದೆ.