ಇರುವೆತಲೆಗಳ ಲೆಕ್ಕ

ಶನಿವಾರ ಬೆಳಿಗ್ಗೆ, ಬಿಸಿಲು ಬಲಿಯುವ ಮುಂಚೆ,
ಟೆಕ್ಸಸ್ಸಿನ ಕಾರ್ನ್ಸ್ ಸಿಟಿಯ ಹಿತ್ತಿಲಗಲ್ಲಿಯಲ್ಲಿ
ನಾನು ಹಿಕ್ಕೆ ಹೆಕ್ಕುತ್ತೇನೆ.
ನಗಬೇಡಿ. ಚಿಮುಟ ಕೊಟ್ಟಿದ್ದಾರೆ,
ನಂಬರು ಬರೆದ ಲಕೋಟೆ ಕೊಟ್ಟಿದ್ದಾರೆ,
ಸಂಬಳ ಕೊಟ್ಟಿಲ್ಲ.
ಮುಚ್ಚಿದ ಹತ್ತಿ ಮಿಲ್ಲಿನ ತಗಡುಗೋಡೆಯಿಂದ
ಲಾಂಡ್ರಿಯ ಹಿಂಬಾಗಿಲವರೆಗೆ ನನ್ನ ಸರಹದ್ದು.

ಖರ್ಜೂರದ ಬೀಜದಷ್ಟು ಉದ್ದ. ಒಣಗಿದ್ದು, ಹಗುರ.
ಬಿಳಿ ತಟ್ಟೆಯಲ್ಲಿಟ್ಟು ಎರಡು ಹನಿ ನೀರು ಬಿಟ್ಟರೆ
ತಾನಾಗಿ ಬಿಚ್ಚಿಕೊಳ್ಳುತ್ತದೆ:
ತಲೆ, ತಲೆ, ತಲೆ, ಒಂದು ಮುರಿದ ಕಾಲು, ಮತ್ತೆ ತಲೆ,
ತಾಮ್ರದ ಬಣ್ಣದ, ಸಾಸಿವೆಗಿಂತ ತುಸು ದಪ್ಪ
ಇರುವೆತಲೆಗಳು.
ನಿನ್ನೆಯದರಲ್ಲಿ ಎಂಬತ್ತಮೂರು.
ಎಂಬತ್ತನಾಲ್ಕೇ ಇದ್ದೀತು, ಒಂದು ನನ್ನ ಸೀನಿಗೆ ಹಾರಿಹೋಯಿತು.

ತಿಂದದ್ದು ಇಲ್ಲೇ ಎಲ್ಲೋ ಇದೆ.
ತಟ್ಟಿದ ರೊಟ್ಟಿಯಂತೆ ಚಪ್ಪಟೆ ಮೈ, ತಲೆಯ ಸುತ್ತ ಕೊಂಬು,
ಮಣ್ಣಲ್ಲಿ ಮಣ್ಣು.
ಊರವರು ಅದನ್ನು ಕಪ್ಪೆ ಎನ್ನುತ್ತಾರೆ, ಯಾರೂ ತಿದ್ದುವುದಿಲ್ಲ.
ನಾನು ಓತಿ ಎನ್ನುತ್ತೇನೆ, ನನ್ನನ್ನೂ ಯಾರೂ ತಿದ್ದುವುದಿಲ್ಲ.
ಇರುವೆಸಾಲಿನ ಪಕ್ಕ ಕೂತು
ಟಿಕೇಟು ಹರಿಯುವ ಕಂಡಕ್ಟರನ ಹಾಗೆ
ಚಾಚಿ ಒಂದು, ಚಾಚಿ ಒಂದು,
ಕಚ್ಚುವ ಮೊದಲೇ ಲೋಳೆಯಲ್ಲಿ ಸುತ್ತಿ, ಅಗಿಯದೆ ನುಂಗಿ,
ಸ್ವಲ್ಪ ಹೊತ್ತಿಗೆ ಎದ್ದು ಬೇರೆ ಗೂಡಿಗೆ ನಡೆಯುತ್ತದೆ.
ಒಂದನ್ನೂ ಬರಿದು ಮಾಡುವುದಿಲ್ಲ.
ಈ ಮಿತಿಯನ್ನು ಯಾರು ಕಲಿಸಿದರು?
ಯಾರೂ ಇಲ್ಲ. ಹೆಚ್ಚು ಹೊತ್ತು ಕೂತರೆ ಇರುವೆ ಮುತ್ತುತ್ತದೆ, ಅಷ್ಟೇ.

ಹೋದ ವಾರ ಮುಳ್ಳುತಂತಿಯಲ್ಲಿ
ಕಳಿಂಗ ಹಕ್ಕಿ ಚುಚ್ಚಿಟ್ಟ ಮರಿಯೊಂದು ಸಿಕ್ಕಿತು.
ಓತಿಕ್ಯಾತನಿಗೆ ಬೇಲಿ ಸಾಕ್ಷಿ ಎನ್ನುತ್ತಾರೆ ನಮ್ಮಲ್ಲಿ.
ಬೇಲಿ ಸಾಕ್ಷಿ ಹೇಳಿತು:
ಕೊಂಬು ಉಳಿದಿದೆ, ಬೆನ್ನು ಖಾಲಿ,
ಒಣಗಿದ ಹೊಟ್ಟೆಯಲ್ಲಿ ಹನ್ನೊಂದು ತಲೆ.
ಅದನ್ನೂ ಬರೆದುಕೊಂಡೆ.
ಹುಲ್ಲಿನ ಬೀಜ ಇರುವೆಗೆ, ಇರುವೆ ಓತಿಗೆ, ಓತಿ ಹಕ್ಕಿಗೆ:
ನನ್ನ ಪುಸ್ತಕದಲ್ಲಿ ಲಾಭ ಎಂಬ ಕಾಲಮ್ಮು ಇಲ್ಲ.

ಇವತ್ತು ವ್ಲಾಸ್ತಾ ಕುಬೆನಾ, ಎಂಬತ್ತೊಂಬತ್ತು ವರ್ಷ,
ಹಳದಿ ಚೀಲದ ವಿಷದ ಕಾಳು ಹಿಡಿದು ಅಂಗಳದಲ್ಲಿ ನಿಂತಿದ್ದಾಳೆ.
ಹಡಗು ಹತ್ತಿ ಬಂದ ಬೆಂಕಿಯಿರುವೆ
ಅವಳ ಹಿಮ್ಮಡಿಯ ಸುತ್ತ ಬೊಕ್ಕೆ ಎಬ್ಬಿಸಿದೆ.
ಕಾಳಿಗೆ ಇರುವೆ ಇರುವೆಯ ಭೇದ ತಿಳಿಯದು, ಎಂದೆ.
ಬೀಜ ಹೊರುವ ಕೆಂಪಿರುವೆ ಸತ್ತರೆ ಓತಿಗೆ ಊಟವಿಲ್ಲ,
ಓತಿ ಇಲ್ಲದಿದ್ದರೆ ಹಕ್ಕಿ...
"ಹಕ್ಕಿ ಬೇರೇನಾದರೂ ತಿಂದೀತು," ಎಂದಳು.
ತಿಂದೀತು. ನನ್ನ ಬಾಯಿ ಕಟ್ಟಿತು.

ಅಷ್ಟರಲ್ಲಿ ಅವಳ ನಾಯಿ
ನೀರಿನ ಪೈಪಿನ ಹಿಂದೆ ಏನನ್ನೋ ಒತ್ತರಿಸಿತು.
ಅದು ಓಡಲಿಲ್ಲ. ಮೈ ಉಬ್ಬಿಸಿತು, ರೆಪ್ಪೆ ಊದಿಸಿತು,
ಕಣ್ಣಿನ ಅಂಚಿಂದ ಸರ್ರನೆ
ನೆತ್ತರಿನ ಒಂದು ಗೆರೆ
ನಾಯಿಯ ಮೂತಿಗೆ, ಹಳದಿ ಚೀಲಕ್ಕೆ.
ನಾಯಿ ತಲೆ ಕೊಡವಿ ಹುಲ್ಲಿಗೆ ಮುಖ ಉಜ್ಜಿತು.
ಮಂಗಳೂರು ಧಕ್ಕೆಯ ಮೀನು ದಲಾಲಿಗೆ
ನನ್ನಜ್ಜಿ ದಿನಾ ಬೈಯುತ್ತಿದ್ದಳು, ಕಣ್ಣಲ್ಲಿ ನೆತ್ತರಿಲ್ಲದವನು ಅಂತ.
ಇದ್ದವನನ್ನು ಇವತ್ತು ಕಂಡೆ, ಅಜ್ಜಿ.
ನಾಲ್ಕು ಅಂಗುಲ.

ವ್ಲಾಸ್ತಾ ನಕ್ಕಳು, ಕೆಮ್ಮು ಬರುವಷ್ಟು.
ಎರಡನೇ ಕ್ಲಾಸಿನಲ್ಲಿ ಬುತ್ತಿಡಬ್ಬಿಯಲ್ಲಿ ಒಯ್ದಿದ್ದಳಂತೆ,
ಟೀಚರಿನ ಬಿಳಿ ಕಾಲರು ಹಾಳಾಗಿತ್ತಂತೆ,
ಆಗ ಅಂಗಳಕ್ಕೆ ಹತ್ತು ಇದ್ದವಂತೆ, ಎಣಿಸಿದವರಾರು.
ಚೀಲ ಒಳಗೆ ಹೋಯಿತೋ ಇಲ್ಲವೋ ನೋಡಲಿಲ್ಲ.
ಬೆಂಕಿಯಿರುವೆಗೆ ಕುದಿನೀರು ಸಾಕೇ ಎಂದು ಕೇಳಿದಳು.
ಪೂರ್ತಿ ಸಾಲದು, ಎಂದೆ, ಸುಳ್ಳೇಕೆ.

ಮುಂದಿನ ಶನಿವಾರ
ಅವಳ ಮೆಟ್ಟಿಲಿನ ಕೆಳಗೆ ಒಂದೇ ಒಂದು ಹಿಕ್ಕೆ.
ಎಪ್ಪತ್ತೊಂದು ತಲೆ.
ಇನ್ನೊಂದು ಕರಿಯ ಚೂರು, ಇರುವೆಯದಲ್ಲ.
ಜೀರುಂಡೆಯದೇ?
ಪ್ರಶ್ನೆಯ ಗುರುತು ಹಾಕಿ
ಲಕೋಟೆ ಅಂಟಿಸಿದೆ.