ಅರ್ಧ ಟಿಕೆಟ್

"ಹಿಂದೆ ಹೋಗಿ, ಹಿಂದೆ ಹೋಗಿ" ಎನ್ನುತ್ತಿದ್ದವ ನಾನೇ
ಒಂದು ದಿನ ಸಿಕ್ಕಿಬಿದ್ದೆ
ಕಂಕನಾಡಿ ತಿರುವಿನಲ್ಲಿ, ಎರಡು ಸೀಟುಗಳ ನಡುವೆ.
ಮೀನುಬುಟ್ಟಿಯ ಗುಲಾಬಿಯಕ್ಕ ನಕ್ಕಳು:
"ಕಂಡಕ್ಟ್ರೇ, ನಿಮಗೇ ಎರಡು ಟಿಕೆಟ್ ಆಗ್ಬೇಕು."

ಅಂದಿನಿಂದ ಹಸಿವಿಗೆ ಅರ್ಧ ಟಿಕೆಟ್ ಹರಿದುಕೊಡುತ್ತೇನೆ.
ಸ್ಟೇಟ್‌ಬ್ಯಾಂಕಿನ ಹೋಟೆಲಿನಲ್ಲಿ ಒಂದೇ ಬನ್ಸು,
ಅದರಲ್ಲೂ ಅರ್ಧ ಡ್ರೈವರ್ ಸಂಜೀವಣ್ಣನಿಗೆ.
ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ, ಪಾಪಿಗೆ.

ಭಾನುವಾರ ಮಾತ್ರ ಕಷ್ಟ.
ವಾರಿಜ ಕೋರಿರೊಟ್ಟಿ ಮಾಡುತ್ತಾಳೆ.
ಮೊದಲೆಲ್ಲ ಆರು ಹಾಳೆ ಪುಡಿಮಾಡಿ, ಗುಡ್ಡೆ ಹಾಕಿ,
ಮೇಲಿಂದ ಗಸಿ ಸುರಿದು
ಮುದ್ದೆಯಾದದ್ದನ್ನು ನುಂಗುತ್ತಿದ್ದೆ.
ಈಗ ಒಂದೂವರೆ.
ಒಂದು ಚೂರು ಅದ್ದಿ, ಬಾಯಿಗಿಟ್ಟು, ಕಾಯುತ್ತೇನೆ:
ಮೊದಲು ಕುರುಂ,
ಆಮೇಲೆ ತೆಂಗಿನಹಾಲು,
ತಡವಾಗಿ ಹತ್ತುವ ಮೆಣಸಿನ ಖಾರ,
ಎಲ್ಲ ಇಳಿದ ಮೇಲೆ ನಾಲಗೆಯ ಬುಡದಲ್ಲಿ
ಕೂತೇ ಇರುವ ಮೆಂತೆಯ ಕಹಿ.

ಮದುವೆಯಾಗಿ ಇಪ್ಪತ್ತೆರಡು ವರ್ಷ.
ಗಸಿಗೆ ಮೆಂತೆ ಹಾಕುತ್ತಾಳೆಂದು
ನನಗೆ ಗೊತ್ತೇ ಇರಲಿಲ್ಲ.

ಹೇಳಿದೆ.
"ಎಕ್ಸ್‌ಪ್ರೆಸ್ ಬಸ್ಸಿಗೆ ನಮ್ಮ ಸ್ಟಾಪು ಎಲ್ಲಿ ಕಾಣ್ತದೆ" ಎಂದು
ಇನ್ನೊಂದು ಹಾಳೆ ಹಿಡಿದು ಬಗ್ಗಿದಳು.

ತಟ್ಟೆಗೆ ಕೈ ಅಡ್ಡ ಇಟ್ಟೆ.
ಗಸಿ ಮಾತ್ರ
ಅರ್ಧ ಸೌಟು ಹಾಕಿಸಿಕೊಂಡೆ.