ಉಮ್ಮನ್ನಾಕ್‌ನ ಆಲೂಗಡ್ಡೆ

ನವೆಂಬರಿನ ಮೊದಲ ವಾರ ಹೋದವನು
ಡಿಸೆಂಬರಿನಲ್ಲೂ ಬರಲಿಲ್ಲ.
ನಡುಹಗಲಿಗೆ ದಕ್ಷಿಣದ ಅಂಚಲ್ಲಿ ಒಂದಿಷ್ಟು ನೀಲಿ,
ಬೂದಿಯಡಿ ಕೆಂಡ ಉಂಟೋ ಇಲ್ಲವೋ ಅನ್ನುವ ಹಾಗೆ;
ಆಮೇಲೆ ಅದೂ ಇಲ್ಲ.
ನಾಯಿಗಳು ಬಾಲದಲ್ಲಿ ಮೂಗು ಹೂತು ಮಲಗಿದವು.

ಶಾಲೆಯಲ್ಲಿ ಬಿಬಿಯಾನೆ ಟೀಚರ್
ಕೊನೆಯ ಹಡಗಲ್ಲಿ ಬಂದ ಚೀಲದಿಂದ
ಒಂದು ಆಲೂಗಡ್ಡೆ ಆರಿಸಿ
ಅದರ ಹೊಟ್ಟೆಗೆ ಹೆಣಿಗೆಯ ಕಡ್ಡಿ ಚುಚ್ಚಿದರು.
ಮೇಲ್ತುದಿಯ ಹತ್ತಿರ ಪೆನ್ಸಿಲಿನ ಚುಕ್ಕೆ:
‘ಇದು ನಾವು.’
ಮೇಜಿನ ನಡುವೆ ದೀಪ: ‘ಇದು ಅವನು.’
ಕೋಟು ತೂಗುವ ಗೂಟಗಳ ಬದಿಗೆ ನಿಂತು
ಕಡ್ಡಿಯ ತುದಿಯನ್ನು ಗೂಟದ ಕಡೆಗೇ ಒಂಚೂರು ಓರೆ ಮಾಡಿ
ಗಿರ್ರನೆ ತಿರುಗಿಸಿದರು.

ತಿರುಗಿಸಿದರು, ತಿರುಗಿಸಿದರು.
ಸಿಪ್ಪೆಯ ಮೇಲೆ ಊರೂರಿಗೆ ಬೆಳಗು ಬಂತು, ಬೈಗು ಬಂತು.
ನಮ್ಮ ಚುಕ್ಕೆ ಮಾತ್ರ
ಕತ್ತಲಲ್ಲೇ ಗಾಣ ಸುತ್ತಿತು.

‘ಈಗ ನೋಡಿ’ ಎಂದು ಮೇಜಿನ ಸುತ್ತ ಅರ್ಧ ನಡೆದು
ಕಿಟಕಿಯ ಬದಿಗೆ ಬಂದರು.
ಕಡ್ಡಿ ಅದೇ ಓರೆ, ತುದಿ ಅದೇ ಗೂಟದ ಕಡೆಗೆ;
ಆದರೆ ದೀಪ ಈಗ ನಡುವೆ.
ಎಷ್ಟು ಸುತ್ತಿದರೂ ಚುಕ್ಕೆಗೆ
ಬೆಳಕಿನಿಂದ ಹೊರಗೆ ದಾರಿಯಿಲ್ಲ.

ಅಷ್ಟೆ. ಯಾರ ಮುನಿಸೂ ಅಲ್ಲ, ಯಾರ ವರವೂ ಅಲ್ಲ.
ಭೂಮಿ ಒಮ್ಮೆ ಬಾಗಿದ್ದು
ನೆಟ್ಟಗಾಗುವ ಗೋಜಿಗೇ ಹೋಗಿಲ್ಲ.

‘ಬಗ್ಗಿಸಿದ್ದು ಯಾರು?’ ನನ್ನ ತಮ್ಮ ಪಾವಿಯಾ ಕೇಳಿದ.
‘ಎಳವೆಯಲ್ಲಿ ಏನೋ ದೊಡ್ಡದು ಬಂದು ಬಡಿಯಿತಂತೆ.’
‘ನೋವಾಯಿತಾ?’
ಟೀಚರ್ ಕಡ್ಡಿ ಕಿತ್ತು
ಕೇಳಿದವನ ಕೈಗೇ ಆಲೂಗಡ್ಡೆ ಕೊಟ್ಟರು.
ಆ ಸಂಜೆ ಮೀನಿನ ಸಾರಿನಲ್ಲಿ ಭೂಮಿ ಬೆಂದಿತು.
ತೂತಿದ್ದ ಹೋಳು ನನ್ನ ಪಾಲಿಗೆ ಬಂತು.

ಅಮಾಲಿಯ ಅಜ್ಜಿ ಒಲೆಯ ಪಕ್ಕ ನಿಂತಿದ್ದಳು.
ಗಡ್ಡೆಗಟ್ಟಿದ ಕಡಲಿನ ತೂತಿನಿಂದ
ನೂರಾರು ಮೀಟರ್ ದಾರ ಎಳೆದೆಳೆದು
ಹಾಲಿಬಟ್ ಮೀನಿನ ಭಾರಕ್ಕೆ ಬಾಗಿದ ಬೆನ್ನು.
ಪಾವಿಯಾ ಕೋನಮಾಪಕ ಹಿಡಿದು ಅಳೆದ:
‘ಇಪ್ಪತ್ತಮೂರೂವರೆ ಡಿಗ್ರಿ! ಸರಿಯಾಗಿ!’
‘ಹಾಗಾದರೆ ಈ ಕತ್ತಲೆಗೆ ನಾನೇ ಕಾರಣ ಅನ್ನು’
ಅಜ್ಜಿ ನಕ್ಕಳು. ಸೌಟು ತಿರುವುತ್ತ ಅಂದಳು:
‘ಬೇರೆಯವರಿಗೆ ಬೆಳಕು ದಿನಗೂಲಿ ಕಣೋ,
ನಮಗೆ ವರ್ಷಕ್ಕೊಮ್ಮೆ ಇಡಿಗಂಟು.
ಲೆಕ್ಕ ಹಾಕಿದರೆ ಯಾರಿಗೂ ಮೋಸವಿಲ್ಲ.
ಗಂಟು ಬರುವವರೆಗೆ ಬದುಕಿರಬೇಕು.’

ಫೆಬ್ರವರಿಯ ನಾಲ್ಕನೆಯ ದಿನ ಊರಿಗೆ ಊರೇ ಗುಡ್ಡದ ಮೇಲೆ.
ತೇಲುಬೆಟ್ಟಗಳ ಹಿಂದೆ ಒಂದು ಕೆಂಪು ಉಗುರು.
ಅಜ್ಜಿ ಕೈಗವಸು ಕಳಚಿ
ಎರಡೂ ಅಂಗೈ ಎತ್ತಿ ತೋರಿಸಿದಳು,
ಸಾಲ ಕೊಟ್ಟವನಿಗೆ ಬರಿಗೈ ತೋರಿಸುವ ಹಾಗೋ,
ಕೂಸನ್ನು ಇತ್ತ ಕೊಡು ಅನ್ನುವ ಹಾಗೋ.
ಟೀಚರ್ ಮೆಲ್ಲಗೆ ಅಂದರು:
‘ನಿಜಕ್ಕೂ ಅವನಿನ್ನೂ ಅಂಚಿನ ಕೆಳಗೇ ಇದ್ದಾನಜ್ಜಿ.
ತಣ್ಣನೆಯ ಗಾಳಿ ಬೆಳಕನ್ನು ಬಗ್ಗಿಸಿ
ಎತ್ತಿ ತೋರಿಸುತ್ತಿದೆ.’
‘ಓಹೋ’ ಅಂದಳು ಅಜ್ಜಿ, ಕೈ ಇಳಿಸದೆ,
‘ಬಗ್ಗಿದ್ದರಿಂದ ಹೋದ, ಬಗ್ಗಿದ್ದರಿಂದಲೇ ಬಂದ.’

ಎರಡು ನಿಮಿಷ. ಉಗುರು ಮುಳುಗಿತು.
ನಾವು ಕಾಫಿ ಕುಡಿಯಲು ಇಳಿದೆವು.

ಜೂನ್‌ನಲ್ಲಿ ಅವಳು ಹೋದಾಗ
ಇಡಿಗಂಟು ಕೈಗೆ ಬಂದಾಗಿತ್ತು.
ಸೂರ್ಯ ಉತ್ತರದಲ್ಲಿ, ಕೊಲ್ಲಿಯ ಮೇಲೆ ಮೊಳದೆತ್ತರ;
ಮಲಗಲೊಲ್ಲದ ಮಕ್ಕಳು ಬಂಡೆಗಳ ನಡುವೆ ಚೆಂಡಾಡುತ್ತಿದ್ದರು,
ಯಾರೋ ದೋಣಿಗೆ ಬಣ್ಣ ಬಳಿಯುತ್ತಿದ್ದರು.
ಗಡಿಯಾರದಲ್ಲಿ ಹನ್ನೆರಡಕ್ಕೆ ಒಂದು ನಿಮಿಷವಿತ್ತೋ
ಹನ್ನೆರಡಾಗಿ ಒಂದು ನಿಮಿಷವೋ,
ಅಮ್ಮ ಒಂದು ಹೇಳಿದಳು, ಚಿಕ್ಕಮ್ಮ ಇನ್ನೊಂದು.
ಬಿಳಿಯ ಶಿಲುಬೆಯ ಮೇಲೆ ಯಾವ ತಾರೀಕು ಬರೆಯುವುದು?
ಇದು ಇಂದು, ಅದು ನಾಳೆ ಅಂತ ಬೇರೆ ಮಾಡಲು
ನಡುವೆ ರಾತ್ರಿಯೇ ಇರಲಿಲ್ಲ.

ಅಪ್ಪ ಕುಂಚ ಹಿಡಿದು ಬಹಳ ಹೊತ್ತು ಕೂತ.
ಕೊನೆಗೆ ಎರಡನ್ನೂ ಬರೆದ,
ನಡುವೆ ಒಂದು ಓರೆಗೆರೆ ಎಳೆದು.